ಮೀನಿಲ್ಲದ ತೊಟ್ಟಿಗೆ ಊಟ

ಎಕ್ಸ್‌ಪ್ರೆಸ್ ಎನ್ನುವ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಅವನ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತ ಗಿರಾಕಿ ಕನ್ನಡಕ ತೆಗೆದು ಜೇಬಿಗಿಟ್ಟು, ಇಂಥಾ ತರಹ ಬೇಕು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಲೆಯ ಒಂದು ಪಕ್ಕ ಮುಗಿದಿರುತ್ತಿತ್ತು. ಇನ್ನೊಂದು ಪಕ್ಕವನ್ನೂ ಅದರಂತೆಯೇ ಮಾಡದೆ ಗತಿಯಿಲ್ಲವಾದ್ದರಿಂದ ಆ ಬೀದಿಯ ಗಂಡಸರೆಲ್ಲ ಹೆಚ್ಚೂಕಮ್ಮಿ ಒಂದೇ ತಲೆ ಹೊತ್ತುಕೊಂಡು ಓಡಾಡುತ್ತಿದ್ದರು. ಹಿಂದಿನಿಂದ ನೋಡಿ ಗಂಡನೆಂದು ಕೂಗಿದರೆ ಪಕ್ಕದ ಮನೆಯವನು ತಿರುಗಿ ನೋಡಿದ ಪ್ರಸಂಗಗಳೂ ನಡೆದಿದ್ದವು. ಅದಕ್ಕೆಲ್ಲ ನಾಚುವ ಜಾತಿಯವನಲ್ಲ ಅವನು. ಕೈ ಹೆಚ್ಚು ಚುರುಕೋ ಬಾಯಿ ಹೆಚ್ಚು ಚುರುಕೋ ಎಂಬುದಷ್ಟೇ ಬೀದಿಯಲ್ಲಿ ತೀರ್ಮಾನವಾಗದೆ ಉಳಿದಿತ್ತು.

ಇಂಥವನ ಸ್ವಂತ ಮೊಮ್ಮಗಳು ಮುಖದ ತುಂಬಾ ಕೂದಲು ಇಳಿಬಿಟ್ಟುಕೊಂಡು, ಎದುರಿಗೆ ಬಂದವರು ಯಾರೆಂದು ಕತ್ತೆತ್ತಿ ನೋಡಬೇಕಾದ ಸ್ಥಿತಿಯಲ್ಲಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗೆ. ಕೇಳಿದವರಿಗೆಲ್ಲ ಎಕ್ಸ್‌ಪ್ರೆಸ್ ಹೇಳುತ್ತಿದ್ದದ್ದು ಒಂದೇ ಮಾತು: "ಗುಬ್ಬಿಗೆ ಉದ್ದ ಕೂದಲೇ ಇಷ್ಟ. ಈಗಿನ ಮಕ್ಕಳು, ನಮ್ಮ ಮಾತು ಎಲ್ಲಿ ಕೇಳ್ತಾವೆ."

ಅದು ಹಸಿ ಸುಳ್ಳು. ನಡೆದದ್ದೇನೆಂದರೆ, ಗುಬ್ಬಿಗೆ ಮೂರು ವರ್ಷವಿದ್ದಾಗ ಎಕ್ಸ್‌ಪ್ರೆಸ್ ಅವಳನ್ನು ಇದೇ ಕುರ್ಚಿಯಲ್ಲಿ ಹಲಗೆಯಿಟ್ಟು ಕೂರಿಸಿ, ಅಂಗಡಿಯಲ್ಲಿದ್ದವರ ಜೊತೆ ಹರಟುತ್ತಾ, ತನ್ನ ವೇಗ ತೋರಿಸುತ್ತಾ ಕತ್ತರಿ ಆಡಿಸಿದ್ದ. ಮಗು ತಿರುಗಿತು. ಕಿವಿಯ ತುದಿಗೆ ಕತ್ತರಿ ತಾಗಿತು. ಇಷ್ಟು ವರ್ಷದಲ್ಲಿ ಅವನ ಕತ್ತರಿ ಕಚ್ಚಿದ ಒಂದೇ ಒಂದು ಕಿವಿ ಅದು. ಒಂದು ಹನಿ ರಕ್ತ, ಅಷ್ಟೇ. ಮಗಳು ಒಳಗೆ ಬರುವುದರೊಳಗೆ "ಕುರ್ಚಿಯ ಮೊಳೆ ತಾಗ್ತು" ಎಂದುಬಿಟ್ಟ. ಅಂಗಡಿಯಲ್ಲಿದ್ದವರು ನಂಬಿದರು. ಹೆಂಡತಿ ನಂಬಲಿಲ್ಲ, ಆದರೆ ಸುಮ್ಮನಿದ್ದಳು. ಮೂರು ವರ್ಷದ ಮಗುವಿಗೆ ಮಾತ್ರ ಯಾರು ಏನು ಮಾಡಿದರೆಂದು ಚೆನ್ನಾಗಿ ಗೊತ್ತಿತ್ತು. ಅಲ್ಲಿಂದೀಚೆಗೆ ಕತ್ತರಿ ಕಂಡರೆ ಕಿರುಚಾಟ, ಅಜ್ಜ ಹತ್ತಿರ ಬಂದರೆ ಎರಡೂ ಕೈ ಕಿವಿಯ ಮೇಲೆ. ಮುದ್ದು ಮಾಡಲು ಬಂದರೂ ಕೈ ಕಿವಿಯ ಮೇಲೆ.

ಹೀಗಿರುವಾಗ ಒಂದು ದಿನ ಮಗಳ ಫೋನು ಬಂತು. "ಅಪ್ಪ, ನಿನ್ನೆ ಡಾಕ್ಟರ ಹತ್ರ ಏನಾಯ್ತು ಗೊತ್ತಾ? ಅಲ್ಲಿ ಒಂದು ಮೀನಿನ ತೊಟ್ಟಿ ಇಟ್ಟಿದಾರೆ. ಇವಳು ಅದನ್ನೇ ನೋಡ್ತಾ ಕೂತಿದ್ಲು, ಇಂಜೆಕ್ಷನ್ ಕೊಟ್ಟಿದ್ದೂ ಗೊತ್ತಾಗಲಿಲ್ಲ." ಮಗಳು ಹೇಳಿದ್ದು ಬರೀ ಸುದ್ದಿಗೆ. ಎಕ್ಸ್‌ಪ್ರೆಸ್ ಫೋನಿಡುವಷ್ಟರಲ್ಲಿ ಕುರ್ಚಿಯ ಎದುರಿನ ಕಟ್ಟೆಯ ಮೇಲಿದ್ದ ಪೌಡರ್ ಡಬ್ಬ, ಕ್ರೀಮು, ಬಾಚಣಿಗೆಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಗೇಣು ಹಾಕಿ ಅಳತೆ ತೆಗೆಯುತ್ತಿದ್ದ. ರಜೆಗೆ ಗುಬ್ಬಿ ಬರುತ್ತಾಳೆ. ಇಲ್ಲಿ ಮೀನಿರುತ್ತದೆ. ಗುಬ್ಬಿ ಮೀನು ನೋಡುತ್ತಾ ಕೂರುತ್ತಾಳೆ. ಉಳಿದದ್ದು ಅವನಿಗೆ ಬಿಟ್ಟದ್ದು.

ಸಾಕುವ ಮೀನು ಮಾರುವ ಅಂಗಡಿ ಎರಡು ಬೀದಿಯಾಚೆ ಇತ್ತು. ಅಂಗಡಿಯಾಕೆ ಮಾತು ಕಡಿಮೆಯ ಹೆಂಗಸು. ಗಾಜಿನ ತೊಟ್ಟಿ, ಮಣ್ಣು, ಸಣ್ಣ ಕಲ್ಲು, ನೀರು ಸೋಸುವ ಫಿಲ್ಟರು, ದೀಪ, ಹಸಿರು ಗಿಡಗಳ ನಾಲ್ಕಾರು ಕಟ್ಟು ಎಲ್ಲ ಕೊಟ್ಟಳು. ಮೀನು ಕೇಳಿದರೆ ಕೊಡಲಿಲ್ಲ.

"ಈಗಲ್ಲ ಅಣ್ಣ. ನೀರು ತಯಾರಾಗಬೇಕು."

"ನೀರು ತಯಾರಾಗೋದೇನು? ನಲ್ಲಿ ತಿರುಗಿಸಿದ್ರೆ ಬರುತ್ತಲ್ಲ."

"ಮೀನು ಹೇಲುತ್ತೆ. ತಿಂದು ಉಳಿದದ್ದು ಕೊಳೆಯುತ್ತೆ. ಅದರಿಂದ ನೀರಲ್ಲಿ ವಿಷ ಆಗುತ್ತೆ. ಅದನ್ನ ತಿನ್ನೋ ಸೂಕ್ಷ್ಮಜೀವಿ ಇದಾವೆ, ಕಣ್ಣಿಗೆ ಕಾಣಲ್ಲ. ಅವು ತಿಂದು ಇನ್ನೊಂದು ವಿಷ ಮಾಡ್ತಾವೆ. ಅದನ್ನ ತಿನ್ನೋವು ಬೇರೆ. ಕೊನೆಗೆ ಉಳಿದದ್ದು ಗಿಡಕ್ಕೆ ಗೊಬ್ಬರ. ಈ ಸಂಸಾರ ಎಲ್ಲ ಫಿಲ್ಟರಿನ ಸ್ಪಂಜಲ್ಲಿ ಬೀಡು ಬಿಟ್ಟ ಮೇಲೇನೆ ಮೀನು."

"ಎಷ್ಟು ಹೊತ್ತಾಗುತ್ತೆ?"

"ಹೊತ್ತಲ್ಲ ಅಣ್ಣ, ವಾರಗಟ್ಟಲೆ. ಅಲ್ಲಿ ತನಕ ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕ್ತಾ ಬನ್ನಿ."

"ಯಾರಿಗೆ?"

"ನೀರಿಗೆ. ಅದು ಕೊಳೀಬೇಕು, ಆಗಲೇ ಶುರುವಾಗೋದು."

ಜೊತೆಗೆ ಒಂದು ಸಣ್ಣ ಗಾಜಿನ ನಳಿಗೆ, ಹನಿ ಹಾಕುವ ಔಷಧದ ಬಾಟಲಿ, ಬಣ್ಣದ ಚೀಟಿ ಕೊಟ್ಟಳು. ತೊಟ್ಟಿಯ ನೀರು ನಳಿಗೆಗೆ ತುಂಬಿ ಹನಿ ಹಾಕಬೇಕು. ನೇರಳೆ ಬಣ್ಣ ಬಂದರೆ ವಿಷವಿದೆ, ತಿಳಿನೀಲಿಯಾದರೆ ಇಲ್ಲ. ಬಣ್ಣದ ಚೀಟಿ ನೋಡಿ ಎಕ್ಸ್‌ಪ್ರೆಸ್‌ಗೆ ಜೀವ ಬಂತು. ತಲೆಗೆ ಬಣ್ಣ ಹಚ್ಚುವವನಿಗೆ ಚೀಟಿ ನೋಡಿ ಬಣ್ಣ ಹೊಂದಿಸುವುದು ಯಾವ ಮಹಾ ವಿದ್ಯೆ? ಅಂಗಡಿಗೆ ಬಂದು, ಮಣ್ಣು ಹಾಸಿ, ಕಲ್ಲು ಹರಡಿ, ಗಿಡ ನೆಟ್ಟು, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟಿದ್ದ ನೀರು ತುಂಬಿಸಿ ಮಾರನೆಯ ದಿನವೇ ಹನಿ ಹಾಕಿ ನೋಡಿದ. ಶುದ್ಧ ತಿಳಿನೀಲಿ. ಕುರ್ಚಿಯಲ್ಲಿ ಅರ್ಧ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ನಳಿಗೆ ಹಿಡಿದುಕೊಂಡು ಎರಡು ಬೀದಿ ಓಡಿದ.

"ಆಯ್ತು ನೋಡಿ ತಾಯಿ. ತಿಳಿನೀಲಿ. ಕೊಡಿ ಮೀನು."

ಆಕೆ ನಳಿಗೆಯನ್ನು ನೋಡಲೂ ಇಲ್ಲ. "ಇನ್ನೂ ಶುರುವೇ ಆಗಿಲ್ಲ ಅಣ್ಣ. ನೇರಳೆ ಬರಬೇಕು, ಬಂದು ಹೋಗಬೇಕು. ಆಮೇಲಿನ ತಿಳಿನೀಲಿ ಬೇರೆ."

ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಅವನು ವಾಪಸು ಬಂದ. ಗಿರಾಕಿಯ ಮುಖದ ಮೇಲಿನ ಸೋಪು ಒಣಗಿ ಬಿರುಕು ಬಿಟ್ಟಿತ್ತು.

ಅಂಗಡಿಯಲ್ಲಿ ಇದನ್ನೆಲ್ಲ ಗಮನಿಸುತ್ತಾ ಕೂತಿದ್ದವರು ಬೋಳು ಮೇಷ್ಟ್ರು. ತಲೆಯ ಮೇಲೆ ಒಂದೆಳೆ ಕೂದಲಿಲ್ಲ, ಆದರೂ ದಿನಾ ಕಟಿಂಗ್ ಅಂಗಡಿಗೆ ಬರುತ್ತಿದ್ದರು. ಬಿಟ್ಟಿ ಪೇಪರು, ಬಿಟ್ಟಿ ಫ್ಯಾನು, ಬಿಟ್ಟಿ ಸುದ್ದಿ. ಎಕ್ಸ್‌ಪ್ರೆಸ್ ಗಿರಾಕಿಗಳಿಗೆಲ್ಲ, ಈ ಕಲ್ಲಿನ ಪಕ್ಕ ಕೆಂಪು ಮೀನು, ಆ ಗಿಡದ ಹಿಂದೆ ನೀಲಿ ಮೀನು ಎಂದು ಖಾಲಿ ನೀರಿನಲ್ಲಿ ಬೆರಳಾಡಿಸಿ ತೋರಿಸುತ್ತಿದ್ದಾಗ ಮೇಷ್ಟ್ರು ಪೇಪರಿನಿಂದ ತಲೆಯೆತ್ತದೆ ಹೇಳುತ್ತಿದ್ದರು, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ." ಅವನು ಬೆಳಿಗ್ಗೆ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಊಟ ಉದುರಿಸುವುದನ್ನು ನೋಡಿದ ಮೇಲಂತೂ ಅವರಿಗೆ ಪೇಪರಿನ ರುಚಿಯೇ ಹೋಯಿತು. ಇದಕ್ಕಿಂತ ದೊಡ್ಡ ಸುದ್ದಿ ಯಾವ ಪೇಪರಿನಲ್ಲಿದೆ? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಮಾರನೆಯ ದಿನ ಎಕ್ಸ್‌ಪ್ರೆಸ್‌ನ ಹೆಂಡತಿಗೂ ಗೊತ್ತಾಯಿತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೇ ಬಂದಳು.

"ಏನ್ರೀ ಇದು, ಯಾರಿಗೆ ಊಟ ಹಾಕ್ತಿದೀರಾ?"

"ನೀರಿಗೆ."

"ನೀರಿಗೆ ಹಸಿವಾಗುತ್ತಾ?"

"ಅದು ನಿನಗೆ ಅರ್ಥ ಆಗಲ್ಲ. ಒಳಗೆ ಜೀವಿಗಳಿದಾವೆ. ಕಣ್ಣಿಗೆ ಕಾಣಲ್ಲ."

ಹೆಂಡತಿ ತೊಟ್ಟಿಯನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಕಣ್ಣಿಗೆ ಕಾಣೋ ಹಾಗೆ ಎದುರಿಗೇ ಓಡಾಡ್ಕೊಂಡಿದೀನಿ. ಒಂದು ದಿನ ಊಟ ಆಯ್ತಾ ಅಂತ ಕೇಳಿದ್ರಾ?"

ಬೆಂಚಿನ ಮೇಲೆ ಕೂತವರು ಬಿದ್ದುಬಿದ್ದು ನಕ್ಕರು. ಆಕೆ ಹೊರಡುವಾಗ ಬಾಗಿಲಲ್ಲಿ ನಿಂತು, ಅವನೊಬ್ಬನಿಗೇ ಕೇಳುವ ಹಾಗೆ, "ಅವಳಿಗೋಸ್ಕರ ತಾನೆ?" ಎಂದಳು. ಅವನು ತಲೆಯಾಡಿಸಿದ. ಅವತ್ತಿನಿಂದ ಆಕೆ ಆ ವಿಷಯ ಎತ್ತಿ ಅವನನ್ನು ಆಡಿಕೊಳ್ಳಲಿಲ್ಲ.

ಕೈ ಸುಮ್ಮನಿರಬೇಕಲ್ಲ. ಗಿಡಗಳು ಒಂದೊಂದು ಒಂದೊಂದು ಎತ್ತರಕ್ಕಿದ್ದದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಗಿರಾಕಿ ಇಲ್ಲದಾಗ ತೋಳು ಮಡಚಿ, ಒಂದು ಕೈಯಲ್ಲಿ ಬಾಚಣಿಗೆ ಇನ್ನೊಂದರಲ್ಲಿ ಕತ್ತರಿ ಹಿಡಿದು, ನೀರೊಳಗೆ ಗಿಡಗಳಿಗೆಲ್ಲ ಸಮನಾಗಿ ಕಟಿಂಗ್ ಮಾಡಿದ. ಹಿಂದೆ ಸಣ್ಣ, ಮುಂದೆ ಸ್ವಲ್ಪ ದಪ್ಪ, ಪಕ್ಕದಲ್ಲಿ ಇಳಿಜಾರು. ಬೀದಿಯ ಗಂಡಸರ ತಲೆ ಹೇಗಿತ್ತೋ ತೊಟ್ಟಿಯೂ ಹಾಗೇ ಆಯಿತು. ಎಲೆಗಳು ಎರಡೇ ದಿನಕ್ಕೆ ಹಳದಿ ತಿರುಗಿ ಲೋಳೆಯಾಗಿ ಕರಗತೊಡಗಿದವು. ಕರಗಿದ್ದನ್ನು ಕತ್ತರಿಸಿ ಮತ್ತೆ ಸಮ ಮಾಡಿದ. ಮತ್ತೆ ಕರಗಿತು. ಹೀಗೇ ಆದರೆ ಗುಬ್ಬಿ ಬರುವ ಹೊತ್ತಿಗೆ ತೊಟ್ಟಿಯೂ ಬೋಳು ಮೇಷ್ಟ್ರ ತಲೆಯಾಗುತ್ತದೆಂದು ಗಾಬರಿಯಾಗಿ ಅಂಗಡಿಯಾಕೆಯನ್ನು ಕರೆತಂದ.

ಆಕೆ ಬಂದವಳು ಮೊದಲು ಗಿಡ ನೋಡಿದಳು. "ಅಣ್ಣ, ಇದು ತಲೆ ಅಲ್ಲ. ಹೊಸ ನೀರಿಗೆ ಬಂದ ಗಿಡ ಹಳೇ ಎಲೆ ಬಿಡುತ್ತೆ, ಆಮೇಲೆ ಹೊಸದು ಬರುತ್ತೆ. ಬೇರೂರೋ ತನಕ ಕತ್ತರಿ ತೋರಿಸಬೇಡಿ." ಆಮೇಲೆ ನೀರಿನ ಹತ್ತಿರ ಮೂಗು ತಂದು ಮುಖ ಕಿವುಚಿದಳು. "ವಾಸನೆ ಬರ್ತಿದೆ. ಫಿಲ್ಟರು ಯಾವಾಗಲೂ ಓಡ್ತಾ ಇರುತ್ತೆ ತಾನೆ?"

"ಯಾವಾಗಲೂ ಓಡುತ್ತೆ. ಅಂಗಡಿ ಮುಚ್ಚೋ ತನಕ."

"ಮುಚ್ಚಿದ ಮೇಲೆ?"

"ಮುಚ್ಚಿದ ಮೇಲೆ ಮೇನ್ ಆಫ್ ಮಾಡ್ತೀನಲ್ಲ." ಇದನ್ನು ಅವನು ಎದೆಯುಬ್ಬಿಸಿಯೇ ಹೇಳಿದ. ಆ ಸಾಲಿನಲ್ಲಿ ಹಿಂದೊಮ್ಮೆ ಒಂದು ಅಂಗಡಿ ತಂತಿಗೆ ಬೆಂಕಿ ಹೊತ್ತಿಕೊಂಡು ಸುಟ್ಟುಹೋಗಿತ್ತು. ಅಂದಿನಿಂದ ಒಂದು ದಿನವೂ ತಪ್ಪದೆ ಮೇನ್ ಸ್ವಿಚ್ ಕೆಳಗಿಳಿಸಿ, ಮೂರು ಸಲ ಮುಟ್ಟಿ ನೋಡಿ ಬೀಗ ಹಾಕುವವನು ಅವನು.

ಆಕೆ ಬೆಂಚಿನ ಮೇಲೆ ಕೂತುಬಿಟ್ಟಳು. "ಆ ಜೀವಿಗಳಿಗೂ ಉಸಿರು ಬೇಕು ಅಣ್ಣ. ನೀರು ಹರೀತಾ ಇದ್ರೇನೇ ಅವಕ್ಕೆ ಉಸಿರು. ನೀವು ಹಗಲೆಲ್ಲ ಸಾಕಿ ದಿನಾ ಕತ್ತು ಹಿಸುಕ್ತಾ ಇದೀರಿ."

ಮೇಷ್ಟ್ರು ಪೇಪರು ಮಡಚಿದರು. "ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು" ಎಂದರು.

ಮತ್ತೆ ಮೊದಲಿನಿಂದ. ಅಂದು ಎಕ್ಸ್‌ಪ್ರೆಸ್ ಮೇನ್ ಆಫ್ ಮಾಡದೆ ಬೀಗ ಹಾಕಿ ಮನೆಗೆ ಹೋದ. ಊಟಕ್ಕೆ ಕೂತವನು ಎರಡು ಸಲ ಎದ್ದು ಹೋಗಿ ಅಂಗಡಿ ಸುಟ್ಟಿದೆಯೋ ಇಲ್ಲವೋ ನೋಡಿಕೊಂಡು ಬಂದ. ಸುಟ್ಟಿರಲಿಲ್ಲ. ಷಟರಿಗೆ ಕಿವಿಯಿಟ್ಟರೆ ಒಳಗೆ ಗುಳುಗುಳು ಎಂದು ನೀರು ಹರಿಯುವುದು ಕೇಳುತ್ತಿತ್ತು. ಕತ್ತರಿಯನ್ನು ತೊಟ್ಟಿಯಿಂದ ದೂರವಿಟ್ಟ. ಸ್ವಲ್ಪ ದಿನಕ್ಕೆ ಗಿಡದ ಬುಡದಲ್ಲಿ ಹಸಿರು ಚುಕ್ಕಿಯಂಥ ಚಿಗುರು ಕಾಣಿಸಿತು. ಆಮೇಲೆ ಒಂದು ಬೆಳಿಗ್ಗೆ ನಳಿಗೆಗೆ ಹನಿ ಬಿಟ್ಟ ಕೂಡಲೇ ನೇರಳೆ ಬಣ್ಣ ಬಂತು. ಜೀವಮಾನದಲ್ಲಿ ವಿಷ ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಬೇರೊಬ್ಬನಿರಲಿಕ್ಕಿಲ್ಲ. ಅಂದು ಬಂದ ಗಿರಾಕಿಗಳಿಗೆಲ್ಲ ತಲೆ ಮಾಲೀಸು ಪುಕ್ಕಟೆ.

ಬಂದ ನೇರಳೆ ಮಾತ್ರ ಹೋಗಲೊಲ್ಲದು. ಗುಬ್ಬಿಯ ರಜೆ ಹತ್ತಿರ ಬಂತು, ನೇರಳೆ ಹೋಗಲಿಲ್ಲ. ನಾಳೆ ಬರುತ್ತೇವೆಂದು ಮಗಳ ಫೋನು ಬಂತು, ನೇರಳೆ ಹೋಗಲಿಲ್ಲ. ತೊಟ್ಟಿಯ ಸುದ್ದಿಯನ್ನು ಅಜ್ಜಿ ಆಗಲೇ ಮುಟ್ಟಿಸಿದ್ದರಿಂದ ಫೋನಿನಲ್ಲಿ ಗುಬ್ಬಿಯೇ ಮಾತಾಡಿದಳು. ಕಿವಿಯ ಪ್ರಸಂಗವಾದ ಮೇಲೆ ಅವಳಾಗಿ ಅಜ್ಜನ ಜೊತೆ ಮಾತಾಡಿದ್ದು ಅದೇ ಮೊದಲು. "ಅಜ್ಜ, ಮೀನು ಇದೆಯಾ?" ಅವನು "ಬಾ, ನೋಡುವೆಯಂತೆ" ಎಂದ.

ನೇರವಾಗಿ ಅಂಗಡಿಯಾಕೆಯ ಹತ್ತಿರ ಹೋದ. "ನಾಲ್ಕೇ ನಾಲ್ಕು ಕೊಡಿ ತಾಯಿ. ರಜೆ ಮುಗಿಯೋ ತನಕ ಸಾಕು." ಆಕೆ ನಳಿಗೆಯ ನೇರಳೆ ನೋಡಿ, "ನಿಮಗೆ ಕೊಡಲ್ಲ" ಎಂದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ನಿನ್ನದೊಂದೇ ಅಂಗಡಿಯೇ ಎಂದು ಗೊಣಗುತ್ತಾ ಬಸ್ಸು ಹತ್ತಿ ಪೇಟೆಯ ಇನ್ನೊಂದು ಅಂಗಡಿಗೆ ಹೋದ. ಅಲ್ಲಿಯವನು ಒಂದು ಮಾತೂ ಕೇಳಲಿಲ್ಲ. "ಯಾವುದು ಬೇಕು ಸಾರ್?" ಎಂದು ಬಲೆಯನ್ನು ನೀರಿಗಿಳಿಸಿಯೇಬಿಟ್ಟ. ಬಲೆಯಲ್ಲಿ ಕೆಂಪು ಮೀನೊಂದು ಮಿಲಮಿಲ ಒದ್ದಾಡಿತು.

ಎಕ್ಸ್‌ಪ್ರೆಸ್ ಅದನ್ನೇ ನೋಡುತ್ತಾ ನಿಂತ. ನಾಳೆ ಇದು ತೊಟ್ಟಿಯಲ್ಲಿ ಓಡಾಡುತ್ತದೆ. ನಾಡಿದ್ದು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಆಚೆ ನಾಡಿದ್ದು ಹೊಟ್ಟೆ ಮೇಲಾಗಿ ತೇಲುತ್ತದೆ, ಗುಬ್ಬಿಯ ಕಣ್ಣೆದುರಿಗೇ. ಆಗ ಏನು ಹೇಳುವುದು? ಕುರ್ಚಿಯ ಮೊಳೆ ತಾಗಿತು ಎಂದೇ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವನ ತಾಯಿ ಹೇಳುತ್ತಿದ್ದಳು. ಬುದ್ಧಿ ಮಟ್ಟವಾದರೆ ಆಗಲಿ, ಆ ಮಗುವಿನ ಕಿವಿ ಅವನ ಆತುರಕ್ಕೆ ಒಮ್ಮೆ ತೆತ್ತದ್ದು ಸಾಲದೇ?

"ಬೇಡಪ್ಪ, ಬಿಟ್ಟುಬಿಡು" ಎಂದ.

"ಬೇರೆ ಬಣ್ಣ ಕೊಡ್ಲಾ ಸಾರ್?"

"ಬಣ್ಣ ಸರಿಯಿಲ್ಲ" ಎಂದು ಜೇಬಿನಲ್ಲಿದ್ದ ನಳಿಗೆ ಮುಟ್ಟಿಕೊಂಡು ಬರಿಗೈಯಲ್ಲಿ ಬಸ್ಸು ಹತ್ತಿದ.

ಮಾರನೆಯ ದಿನ ಗುಬ್ಬಿ ಬಂದಳು. ಹೆಂಡತಿ, ಮಗಳು ಇಬ್ಬರ ನಡುವೆ, ಎರಡೂ ಕೈ ಕಿವಿಯ ಮೇಲಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು. ಬೆಂಚು ತುಂಬಿತ್ತು. ಮೇಷ್ಟ್ರು ಪೇಪರು ಕೆಳಗಿಟ್ಟು ಕೂತಿದ್ದರು. ಗುಬ್ಬಿ ಕುರ್ಚಿಯಿಂದ ದೂರವೇ ನಿಂತು, ಕೂದಲಿನ ಸಂದಿಯಿಂದ ತೊಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಮೀನೆಲ್ಲಿ?"

ಎಕ್ಸ್‌ಪ್ರೆಸ್‌ನ ನಾಲಿಗೆಯ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ಕಲ್ಲಿನ ಹಿಂದೆ ಮಲಗಿದಾವೆ ಅನ್ನಬಹುದಿತ್ತು. ನೆಂಟರ ಮನೆಗೆ ಹೋಗಿದಾವೆ ಅನ್ನಬಹುದಿತ್ತು. ಅವನು ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಅವಳೆದುರಿಗೆ ಮೊಣಕಾಲೂರಿದ.

"ಮೀನಿಲ್ಲ ಮರಿ. ನೀರು ಇನ್ನೂ ತಯಾರಾಗಿಲ್ಲ. ಆತುರ ಮಾಡಿ ಬಿಟ್ರೆ ಮೀನಿಗೆ ನೋವಾಗುತ್ತೆ."

ಗುಬ್ಬಿ ಕೇಳಿದಳು, "ನನ್ನ ಕಿವಿ ತರಹನಾ?"

"ಹೌದು" ಎಂದ ಎಕ್ಸ್‌ಪ್ರೆಸ್. "ನಿನ್ನ ಕಿವಿ ತರಹ. ಮೊಳೆ ಅಲ್ಲ. ನಾನೇ. ಮಾತಾಡ್ತಾ ಆತುರ ಮಾಡಿದೆ."

ಮಗಳು ಅಪ್ಪನ ಮುಖ ನೋಡಿದಳು. ಮೇಷ್ಟ್ರು ಬಾಯಿ ತೆರೆದರು, ಎಕ್ಸ್‌ಪ್ರೆಸ್‌ನ ಹೆಂಡತಿ ಒಂದು ಸಲ ಅವರ ಕಡೆ ನೋಡಿದ್ದೇ ತಡ, ತೆರೆದ ಬಾಯಿ ಹಾಗೇ ಮುಚ್ಚಿತು. ಗುಬ್ಬಿ ಒಂದು ಕೈ ಕಿವಿಯಿಂದ ತೆಗೆದು ಗಾಜಿನ ಮೇಲಿಟ್ಟು ಬಗ್ಗಿ ನೋಡಿದಳು.

"ಇದ್ಯಾರು?"

ಗಿಡದ ಕಾಂಡಕ್ಕೆ ಅಂಟಿಕೊಂಡು ಕಡಲೆಕಾಳಿನಷ್ಟು ಸಣ್ಣ ಬಸವನ ಹುಳು ಹತ್ತುತ್ತಿತ್ತು. ಗಿಡದ ಜೊತೆ ಮೊಟ್ಟೆಯಾಗಿ ಬಂದಿರಬೇಕು. ಮೀನಿಲ್ಲ ಮೀನಿಲ್ಲ ಎಂದು ಕೊರಗುತ್ತಿದ್ದವನು ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ.

"ಗೊತ್ತಿಲ್ಲ ಮರಿ. ಕರೀದೇ ಬಂದಿದೆ."

"ಇಷ್ಟು ದಿನ ಇದಕ್ಕೇನಾ ಊಟ ಹಾಕಿದ್ದು?"

"ಹಾಗೇ ಅಂತ ಕಾಣುತ್ತೆ" ಎಂದ ಎಕ್ಸ್‌ಪ್ರೆಸ್. ಬೆಂಚಿನ ಮೇಲೆ ಯಾರೋ ಕೆಮ್ಮಿದರು.

ಬಸವನ ಹುಳು ಹತ್ತುತ್ತಿದ್ದ ಗಿಡದ ಹೊಸ ಚಿಗುರು ನೀರಿನ ಮೇಲಕ್ಕೆ ಬಂದು ಬಾಗಿತ್ತು. ಗುಬ್ಬಿ ಅದನ್ನು ತೋರಿಸಿ, "ಇದಕ್ಕೂ ಕೂದಲು ಕಣ್ಣಿಗೆ ಬಂದಿದೆ" ಎಂದಳು. "ಕತ್ತರಿಸಲಾ?" ಎಂದು ಅವನು ಕೇಳಿದ. ಈ ಸಲ ಕೇಳಿದ. ಅವಳು ತಲೆಯಾಡಿಸಿದ ಮೇಲೆ ಡ್ರಾಯರು ತೆರೆದು ಕತ್ತರಿ ತೆಗೆದು, ಅವಳಿಗೆ ಕಾಣುವಂತೆ ನೀರಿಗಿಳಿಸಿ, ಬಸವನ ಹುಳುವಿಗೆ ಅಡ್ಡವಾಗಿ ಎಡಗೈ ಬೆರಳು ಹಿಡಿದು ಒಂದೊಂದೇ ಚಿಗುರು ಕತ್ತರಿಸಿದ. ಬೀದಿಯವರು ಅವನನ್ನು ಬಾಯಿ ಮುಚ್ಚಿಕೊಂಡು ಕತ್ತರಿ ಆಡಿಸುವುದನ್ನು ನೋಡಿದ್ದು ಅದೇ ಮೊದಲು. ಹುಳು ಕೊಂಬು ಕೂಡ ಒಳಗೆಳೆದುಕೊಳ್ಳಲಿಲ್ಲ.

ಗುಬ್ಬಿ ಕುರ್ಚಿಯ ತೋಳಿನ ಮೇಲೆ ಅಡ್ಡವಾಗಿಟ್ಟಿದ್ದ ಹಲಗೆಯನ್ನೂ ಅಮ್ಮನನ್ನೂ ನೋಡಿದಳು. ಆಮೇಲೆ ತಾನೇ ಹತ್ತಿ ಕೂತಳು.

"ಬಸವನ ಹುಳು ಆ ಕೆಳಗಿನ ಬಿಳೀ ಕಲ್ಲಿಗೆ ಹೋಗೋ ತನಕ ಮಾತ್ರ. ಹೋದ ಕೂಡಲೇ ನಿಲ್ಲಿಸಬೇಕು."

"ಆಯ್ತು ಮರಿ."

ಎಕ್ಸ್‌ಪ್ರೆಸ್ ಶುರು ಮಾಡಿದ. ಒಂದೆಳೆ, ಇನ್ನೊಂದೆಳೆ. ಎಡಗಡೆಯ ಕಣ್ಣು ಹೊರಗೆ ಬಂತು. ಎಡಗಡೆಯ ಕಿವಿ ಹೊರಗೆ ಬಂತು, ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಲೆ. ಅವನ ಕೈ ಅಲ್ಲಿ ತಡೆಯಿತು, ಉಸಿರು ಬಿಗಿಹಿಡಿದು ಅದರ ಸುತ್ತ ಕತ್ತರಿಸಿದ. ಗುಬ್ಬಿ ಅಲುಗಲಿಲ್ಲ. ಅಷ್ಟರಲ್ಲಿ ಎಲೆಯ ಮೇಲಿದ್ದ ಬಸವನ ಹುಳು ಅಂಟು ಬಿಟ್ಟು ತಲೆಕೆಳಗಾಗಿ ಸೀದಾ ಬಿಳೀ ಕಲ್ಲಿನ ಮೇಲೆ ಬಿತ್ತು. ಅದಕ್ಕೂ ಅಂದೇ ಅವಸರ ಬರಬೇಕೇ?

"ಹೋಯ್ತು" ಎಂದಳು ಗುಬ್ಬಿ.

"ಅಯ್ಯೋ, ಇನ್ನೊಂದು ಪಕ್ಕ ಹಾಗೇ ಇದೆಯಲ್ಲ" ಎಂದಳು ಮಗಳು. "ಎರಡು ನಿಮಿಷ ಕೂತ್ಕೋ ಪುಟ್ಟ."

ಆದರೆ ಎಕ್ಸ್‌ಪ್ರೆಸ್ ಆಗಲೇ ಕತ್ತರಿ ಕೆಳಗಿಟ್ಟು ಅವಳ ಕೊರಳಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದ. "ಕಲ್ಲಿಗೆ ಹೋದ್ರೆ ನಿಲ್ಲಿಸಬೇಕು ಅಂತ ಮಾತಾಗಿತ್ತು" ಎಂದು, ಕತ್ತಿನ ಮೇಲಿನ ಚೂರು ಕೂದಲನ್ನು ಬ್ರಷ್ಷಿನಿಂದ ಕೊಡವಿ ಅವಳನ್ನು ಕೆಳಗಿಳಿಸಿದ. ಕೆಳಗಿಳಿಸುವಾಗ ಅವಳ ಎರಡೂ ಕೈ ಅವನ ಕೊರಳಲ್ಲಿದ್ದವು. ಅವನು ಬೇಕೆಂದೇ ಇಳಿಸುವುದನ್ನು ಸ್ವಲ್ಪ ತಡಮಾಡಿದ.

ಅಂದು ಸಂಜೆ ಗುಬ್ಬಿ ಅಜ್ಜಿಯ ಕೈ ಹಿಡಿದು ಬೀದಿಯುದ್ದಕ್ಕೂ ನಡೆದುಹೋದಳು. ಒಂದು ಕಡೆ ಒಪ್ಪವಾದ ಕಟಿಂಗು, ಇನ್ನೊಂದು ಕಡೆ ಭುಜದವರೆಗೆ ಕಾಡು. ಅಂಗಡಿ ಅಂಗಡಿಯಿಂದ ತಲೆಗಳು ಹೊರಗೆ ಬಂದವು, ಎಲ್ಲವೂ ಒಂದೇ ತರಹದ ತಲೆಗಳು. ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. "ಏನಮ್ಮ ಗುಬ್ಬಿ, ಎಕ್ಸ್‌ಪ್ರೆಸ್ ಅರ್ಧ ದಾರೀಲೇ ನಿಂತುಬಿಡ್ತಾ?"

ಗುಬ್ಬಿ ನಿಂತು, ಒಂದೇ ಕಣ್ಣಿನಿಂದ ಅವರನ್ನು ನೋಡಿದಳು.

"ಉಳಿದಿದ್ದು ನಾಳೆ" ಎಂದಳು. "ಆ ಕಡೆ ಇನ್ನೂ ತಯಾರಾಗಿಲ್ಲ. ಅಜ್ಜ ಕಾಯ್ತಾರೆ."